ಒಂದು ಕೋಣೆಗೆ ಎಷ್ಟು ಮರ?

(ಬೆಟ್ಟಸೀಮೆಯ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಗುಬ್ಬಿ ಅಥವಾ ಕುಣಿಗಲ್ ಸೀಮೆಯ ಒಂದು ಹಳೆಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಬೀದಿಯ ಕಡೆಗೆ ಜಗುಲಿ, ಒಳಗೆ ನಡುಮನೆ, ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತಲೂ ಕಂಬಗಳು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹೆಂಚು ಅಥವಾ ಮಣ್ಣಿನ ಮಾಳಿಗೆ. ಆ ಮನೆಯವರಿಗೆ ಈಗ ಒಂದು ಕೋಣೆ ಸಾಲದೆ ಬಂದಿದೆ. ಮಗನ ಮದುವೆಯಾಗಿರಬಹುದು, ಮಗಳ ಓದಿಗೆ ಜಾಗ ಬೇಕಾಗಿರಬಹುದು, ಹಾಸಿಗೆ ಹಿಡಿದ ಅಜ್ಜಿಯನ್ನು ನಡುಮನೆಯ ಗದ್ದಲದಿಂದ ದೂರವಿರಿಸಬೇಕಾಗಿರಬಹುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆ ಸಾಕು. ಅದನ್ನು ಯಾವುದರಿಂದ, ಹೇಗೆ ಕಟ್ಟಬೇಕು ಎಂಬುದೇ ಇಂದಿನ ವಿಷಯ.

ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು. ಹಳೆಯ ಮನೆಯನ್ನೇ ಕೆಡವಿ, ಕಂಬ-ತೊಲೆಗಳನ್ನು ಹಳೆಮರ ಕೊಳ್ಳುವವರ ಲಾರಿಗೆ ತುಂಬಿ, ಆ ಜಾಗದಲ್ಲಿ ಕಾಂಕ್ರೀಟಿನ ಮನೆ ಎಬ್ಬಿಸುವುದು ಒಂದು ದಾರಿ. ಹಳೆಯ ಗೋಡೆಗೆ ಆತುಕೊಂಡಂತೆ ಒಂದು ಕಾಂಕ್ರೀಟು ಪೆಟ್ಟಿಗೆಯನ್ನು ಅಂಟಿಸುವುದು ಇನ್ನೊಂದು. ಮೂರನೆಯ ದಾರಿಯೂ ಉಂಟು. ಮನೆ ಯಾವ ರೀತಿಯಲ್ಲಿ ಹುಟ್ಟಿತೋ ಅದೇ ರೀತಿಯಲ್ಲಿ, ಮರದ ಚೌಕಟ್ಟಿನಲ್ಲಿಯೇ ಅದನ್ನು ಬೆಳೆಸುವುದು. ಆದರೆ ಈ ದಾರಿಯ ಗುಣಗಾನ ಮಾಡುವ ಮುನ್ನ ಅದರ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳಬೇಕಾಗುತ್ತದೆ. ಕಾಡು ಉಳಿಸಬೇಕೆನ್ನುವವರು ಮರದ ಮನೆ ಕಟ್ಟಿರೆಂದು ಹೇಳಿದರೆ ಕೇಳುವವರಿಗೆ ಸಂಶಯ ಬರುವುದು ಸಹಜ.

ಕಾಂಕ್ರೀಟಿನ ಲೆಕ್ಕ

ಮೊದಲು ಕಾಂಕ್ರೀಟಿನ ಕೋಣೆಯನ್ನೇ ತೆಗೆದುಕೊಳ್ಳೋಣ. ಹತ್ತು ಅಡಿಗೆ ಹನ್ನೆರಡು ಅಡಿಯ ಚಾವಣಿಯನ್ನು ಐದು ಅಂಗುಲ ದಪ್ಪಕ್ಕೆ ಹಾಕಿದರೆ ಕಾಂಕ್ರೀಟು 50 ಘನ ಅಡಿ. ಒಂದಕ್ಕೆ ಎರಡು, ನಾಲ್ಕರ ಮಿಶ್ರಣದಲ್ಲಿ ಇದಕ್ಕೆ ಸುಮಾರು 9 ಮೂಟೆ ಸಿಮೆಂಟು, 22 ಘನ ಅಡಿ ಮರಳು, 44 ಘನ ಅಡಿ ಜಲ್ಲಿ ಬೇಕು. ಇದು ಚಾವಣಿಗೆ ಮಾತ್ರ. ಗೋಡೆ, ಗಾರೆ, ನೆಲ, ತಳಪಾಯ ಬೇರೆ, ಕಬ್ಬಿಣ ಬೇರೆ.

ಈ ಮರಳು ಮತ್ತು ಜಲ್ಲಿ ಎಲ್ಲಿಂದ ಬರುತ್ತವೆ? ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದ ಬೆಟ್ಟವನ್ನು ನೆನೆಯಿರಿ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಗುಬ್ಬಿ, ಕುಣಿಗಲ್ ಸೀಮೆಗಳನ್ನು ದಾಟಿ, ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ ಕಾವೇರಿಗೆ ಸೇರುತ್ತದೆ. ಒಂದೇ ಬೆಟ್ಟ ಎರಡು ನದೀಕಣಿವೆಗಳಿಗೆ ನೀರು ಕೊಡುತ್ತದೆ. ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಹೊಳೆಯ ಮರಳೆಂದರೆ ನೀರಿನ ಕಣಜ. ಹೊಳೆ ಬತ್ತಿದ ಮೇಲೂ ಮರಳಿನ ಅಡಿಯಲ್ಲಿ ನೀರು ನಿಂತಿರುತ್ತದೆ. ದಡದ ಬಾವಿಗಳು ಆ ನೀರಿನಿಂದಲೇ ಬದುಕುತ್ತವೆ. ಮರಳು ಹೋದರೆ ಬಾವಿಯೂ ಹೋಗುತ್ತದೆ. ಹೊಳೆಯ ಮರಳಿಗೆ ಬದಲು ಬಂದಿರುವ ಎಂ-ಸ್ಯಾಂಡ್ ಹೊಳೆಯನ್ನು ಉಳಿಸಬಹುದು. ಆದರೆ ಅದೂ ಬಂಡೆಯನ್ನು ಪುಡಿಮಾಡಿ ತೆಗೆದದ್ದೇ. ಹೊಳೆ ಉಳಿದರೆ ಗುಡ್ಡ ಕರಗುತ್ತದೆ.

ಸಿಮೆಂಟಿಗೆ ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಸುಡುವ ಇಂಧನದಿಂದಲೂ, ಬೇಯುವ ಕಲ್ಲಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಈ ಅನಿಲದಲ್ಲಿ ಶೇಕಡ 7ರಿಂದ 8ರಷ್ಟು ಪಾಲು ಸಿಮೆಂಟಿನದು. ಮರದ ವ್ಯವಹಾರ ಇದಕ್ಕೆ ತಿರುಗುಮುರುಗು. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಅದು ಗಾಳಿಯಿಂದ ಮರ ಹೀರಿಕೊಂಡದ್ದು. ತೊಲೆಯಾಗಿ ನೂರು ವರ್ಷ ನಿಂತರೆ ಆ ಇಂಗಾಲವೂ ನೂರು ವರ್ಷ ಅಲ್ಲಿಯೇ ನಿಲ್ಲುತ್ತದೆ.

ಮರದ ಲೆಕ್ಕ

ಇನ್ನು ಮರದ ಕೋಣೆ. ಅದೇ ಅಳತೆಯ ಕೋಣೆಗೆ ಆರಂಗುಲ ಚೌಕದ, ಒಂಬತ್ತು ಅಡಿ ಎತ್ತರದ ಆರು ಕಂಬಗಳು: ಹದಿಮೂರೂವರೆ ಘನ ಅಡಿ. ಕಂಬಗಳ ಮೇಲೆ ಉದ್ದಕ್ಕೆ ಮಲಗುವ, ಹದಿನಾಲ್ಕು ಅಡಿಯ ಎರಡು ತೊಲೆಗಳು ಆರಕ್ಕೆ ಎಂಟಂಗುಲದವು: ಒಂಬತ್ತು ಘನ ಅಡಿಗೆ ಸ್ವಲ್ಪ ಮೇಲು. ಅಡ್ಡಕ್ಕೆ ಬಿಗಿಯುವ ಹನ್ನೆರಡು ಅಡಿಯ ಮೂರು ತೊಲೆಗಳು ಆರಂಗುಲ ಚೌಕದವು: ಒಂಬತ್ತು ಘನ ಅಡಿ. ಮಾಡಿನ ನೆತ್ತಿಯ ತೊಲೆ ಮತ್ತು ಎರಡು ಅಡಿಗೊಂದರಂತೆ ಹದಿನಾರು ಪಕಾಸುಗಳು: ಹದಿಮೂರೂವರೆ ಘನ ಅಡಿ. ಹೆಂಚು ಕೂರಿಸುವ ರೀಪುಗಳನ್ನು ಬಿಟ್ಟು ಒಟ್ಟು ಸುಮಾರು 45 ಘನ ಅಡಿ.

ಹಿತ್ತಲಿನ ಒಂದು ಹಲಸಿನ ಮರ ಆರು ಅಡಿ ಸುತ್ತಳತೆಗೆ ಬೆಳೆದು, ಹತ್ತು ಅಡಿ ನೇರ ಕಾಂಡ ಕೊಟ್ಟಿತೆನ್ನಿ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ರೂಢಿಯ ಲೆಕ್ಕದಲ್ಲಿ ಅದು 22.5 ಘನ ಅಡಿ. ಕೊಯ್ದು, ಹೊರಮರ ಕಳೆದು, ಕೆಚ್ಚಿನ ಭಾಗ ತೆಗೆದರೆ ಕೈಗೆ ಸಿಗುವುದು ಹದಿಮೂರು-ಹದಿನಾಲ್ಕು ಘನ ಅಡಿ. ಅಂದರೆ ಒಂದು ಕೋಣೆಗೆ ಮೂರಕ್ಕೂ ಮಿಕ್ಕಿ ಬಲಿತ ಮರಗಳು ಬೇಕು. ಅಜ್ಜ ನೆಟ್ಟು, ಅಪ್ಪ ಹಣ್ಣು ತಿಂದು, ಮೊಮ್ಮಗ ಕಡಿಯುವ ಮೂರು ಮರಗಳು!

ಈ ಲೆಕ್ಕವನ್ನು ಮುಚ್ಚಿಟ್ಟು ಮರದ ಮನೆಯನ್ನು ಹೊಗಳುವುದು ಸರಿಯಲ್ಲ. ಹಾಗೆಂದು ಇಲ್ಲಿಗೇ ನಿಲ್ಲಬೇಕಾಗಿಯೂ ಇಲ್ಲ. ನೆತ್ತಿಯ ತೊಲೆ ಮತ್ತು ಪಕಾಸುಗಳಿಗೆ ಬದುವಿನ ಸಿಲ್ವರ್ ಓಕನ್ನೋ ಮುದಿ ತೆಂಗನ್ನೋ ಬಳಸಿದರೆ ಗಟ್ಟಿಮರದ ಅಗತ್ಯ ಎರಡೂವರೆ ಮರಕ್ಕೆ ಇಳಿಯುತ್ತದೆ. ಕೆಡವಿದ ಮನೆಯ ಹಳೆಯ ಕಂಬಗಳು ಆರು ದೊರೆತರೆ ಒಂದೂವರೆ ಮರಕ್ಕೆ ಇಳಿಯುತ್ತದೆ. ಹಳೆಯ ತೊಲೆಗಳೂ ಸಿಕ್ಕರೆ ಒಂದು ಮರವನ್ನೂ ಕಡಿಯದೆ ಕೋಣೆ ಏಳಬಹುದು. ಊರಿನ ಹಳೆಯ ಮರ ಲಾರಿಯೇರಿ ದೂರದ ನಗರದ ಅಲಂಕಾರಕ್ಕೆ ಹೋಗುವುದನ್ನು ತಡೆಯುವುದೂ ಮರ ಉಳಿಸುವ ಕೆಲಸವೇ ಎಂಬುದು ಈ ಗಣಿತದ ತಾತ್ಪರ್ಯ.

ಓಕ್ ನಾಡಿನ ಪಾಠ

ಇಂಗ್ಲೆಂಡಿನಲ್ಲಿ ಹಳೆಯ ಮನೆಗೆ ಓಕ್ ಮರದ ಚೌಕಟ್ಟಿನ ಕೋಣೆ ಸೇರಿಸುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಓಕ್ ಮಾಡು 14ನೆಯ ಶತಮಾನದ ಕೊನೆಯದು, ಇನ್ನೂ ನಿಂತಿದೆ. ದಕ್ಷಿಣ ಭಾರತದ ಕಾಡುಗಳಲ್ಲಿ ಓಕ್ ಸಹಜವಾಗಿ ಬೆಳೆಯುವುದಿಲ್ಲ. ಇಲ್ಲಿನ ಬದುಗಳಲ್ಲಿರುವ ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಅದು ಆಸ್ಟ್ರೇಲಿಯದ ಪೂರ್ವಭಾಗದಿಂದ ಬಂದ ಬೇರೆಯೇ ಕುಲದ ಮರ. ಆದುದರಿಂದ ಅವರ ಮರವನ್ನಲ್ಲ, ಅವರ ಕೆಲಸದ ರೀತಿಯನ್ನು ಗಮನಿಸಬೇಕು.

ಅವರು ಓಕನ್ನು ಹಸಿಯಾಗಿರುವಾಗಲೇ ಕೆತ್ತುತ್ತಾರೆ. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗದು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ಕುಳಿಯಲ್ಲಿ ಕೂರಿಸಿ, ಎರಡನ್ನೂ ಕೊರೆದು ಮರದ ಗೂಟ ಬಡಿಯುತ್ತಾರೆ. ನಾಲಗೆಯ ತೂತು ಕುಳಿಯ ತೂತಿಗಿಂತ ಕೂದಲೆಳೆಯಷ್ಟು ಒಳಕ್ಕಿರುತ್ತದೆ. ಗೂಟ ಇಳಿದಂತೆ ಸಂದು ತಾನಾಗಿ ಬಿಗಿಯುತ್ತದೆ. ಚೌಕಟ್ಟಿನ ಮೂಲೆಮೂಲೆಗೂ ಓರೆಯಾದ ಊರುಗೋಲು ಕೊಡುತ್ತಾರೆ. ಗಾಳಿ ಒತ್ತಿದಾಗ ಚೌಕ ಓರೆಯಾಗದಂತೆ ಹಿಡಿಯುವುದು ಅದೇ.

ತುಮಕೂರು ಸೀಮೆಯ ಹಳೆಯ ಮನೆಗಳಲ್ಲಿ ಇಂತಹ ಓರೆಗೋಲು ಅಪರೂಪ. ಇಲ್ಲಿ ಚೌಕಟ್ಟನ್ನು ಅಲುಗದಂತೆ ಹಿಡಿದದ್ದು ಸುತ್ತಲಿನ ದಪ್ಪ ಗೋಡೆ ಮತ್ತು ಮೇಲಿನ ಭಾರ. ಹೊಸ ಕೋಣೆಗೆ ತೆಳುವಾದ ಗೋಡೆಯನ್ನೂ ಹಗುರವಾದ ಹೆಂಚಿನ ಮಾಡನ್ನೂ ಮಾಡುವುದಾದರೆ ಆ ಹಿಡಿತ ಇರುವುದಿಲ್ಲ. ಹಳೆಯ ರೂಪವನ್ನು ಮಾತ್ರ ಅನುಕರಿಸಿ ಓರೆಗೋಲನ್ನು ಬಿಟ್ಟರೆ ಮೊದಲ ಬಿರುಗಾಳಿಗೇ ಕೋಣೆ ವಾಲೀತು. ಸಂಪ್ರದಾಯವನ್ನು ಮುಂದುವರಿಸುವುದೆಂದರೆ ಅದು ಯಾವ ಬಲದಿಂದ ನಿಂತಿತ್ತೆಂಬುದನ್ನು ತಿಳಿಯುವುದು.

ಯಾವ ಮರ, ಹೇಗೆ ಹದ?

ಓಕ್‌ಗೆ ಸಮನಾಗಿ ಈ ನೆಲ ಕೊಟ್ಟಿರುವುದು ಹಲಸು. ಗುಬ್ಬಿ ತಾಲ್ಲೂಕು ಹಲಸಿಗೆ ಹೆಸರಾದದ್ದು. ಚೇಳೂರಿನ ಒಂದು ರೈತಕುಟುಂಬದ ಮರದಿಂದ ಬಂದ, ತಾಮ್ರಕೆಂಪು ತೊಳೆಯ ‘ಸಿದ್ದು’ ಹಲಸನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ನಾಡಿಗೆ ಪರಿಚಯಿಸಿದರು. ಹಲಸಿನ ಹಳದಿ ಕೆಚ್ಚು ಗೆದ್ದಲಿಗೆ ಸುಲಭವಾಗಿ ಸೋಲುವುದಿಲ್ಲ. ವೀಣೆಯ ಕೊಡವನ್ನೂ ಅದರಿಂದಲೇ ಕೊರೆಯುತ್ತಾರೆ. ಆದರೆ ಒಂದು ಮಾತು. ಕಸಿಯ ಹಲಸು ಬೇಗ ಫಲ ಕೊಡುತ್ತದೆ, ತಗ್ಗಿನಲ್ಲಿಯೇ ಕವಲೊಡೆಯುತ್ತದೆ. ಬೀಜದಿಂದ ಎದ್ದ ಮರ ತಡವಾಗಿ ಫಲ ಕೊಟ್ಟರೂ ಉದ್ದನೆಯ ಕಾಂಡ ಕೊಡುತ್ತದೆ. ಹಣ್ಣಿಗೆ ಕಸಿ, ತೊಲೆಗೆ ಬೀಜ ಎಂದು ಎರಡನ್ನೂ ನೆಡುವುದು ಜಾಣತನ.

ಬಾಗಿಲುವಾಡಕ್ಕೆ ಬೇವು ಉತ್ತಮ. ಅದರ ಕಹಿ ಹುಳುವಿಗೆ ಹಿಡಿಸದು. ಐವತ್ತು-ಅರವತ್ತು ವರ್ಷ ದಾಟಿ ಫಲ ಕಡಿಮೆಯಾದ ತೆಂಗಿನ ಹೊರಭಾಗ ಕಬ್ಬಿಣದಂತೆ ಗಟ್ಟಿ, ನಡುಭಾಗ ಮೆತ್ತಗೆ. ಹೊರಭಾಗವನ್ನು ಮಾತ್ರ ಸೀಳಿ ಪಕಾಸು ಮಾಡಬೇಕು. ಸಿಲ್ವರ್ ಓಕ್ ಹಗುರ, ಕೊಯ್ಯಲು ಸುಲಭ. ಆದರೆ ಗೆದ್ದಲಿಗೂ ತೇವಕ್ಕೂ ಬೇಗ ಸೋಲುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ, ನೆಲದಿಂದ ದೂರ, ಮಾಡಿನ ಒಣ ನೆರಳಿನಲ್ಲಿ ಮಾತ್ರ ಬಳಸಬೇಕು. ಹೊಂಗೆಯ ಮರ ಹುಳುವಿಗೆ ಸುಲಭ ತುತ್ತು. ಅದನ್ನು ನೆರಳಿಗೂ ಹಸಿರುಗೊಬ್ಬರಕ್ಕೂ ಉಳಿಸುವುದು ಲೇಸು.

ಕಡಿದ ಮರವನ್ನು ಕೆಲವು ತಿಂಗಳು ಕೆರೆಯ ನೀರಿನಲ್ಲಿ ಮುಳುಗಿಸಿಡುವ ಹಿರಿಯರ ರೂಢಿಗೆ ಕಾರಣವಿದೆ. ಮರದೊಳಗಿನ ಹಿಟ್ಟಿನಂಶ ನೀರಿಗೆ ಬಿಟ್ಟುಹೋಗುತ್ತದೆ; ಅದನ್ನು ತಿನ್ನಬರುವ ಕೊರೆಹುಳುವಿಗೆ ಆಹಾರ ಉಳಿಯುವುದಿಲ್ಲ. ಆಮೇಲೆ ಕೊಯ್ದು, ಹಲಗೆಗಳ ನಡುವೆ ಚಕ್ಕೆಗಳನ್ನಿಟ್ಟು ಗಾಳಿಯಾಡುವಂತೆ ನೆರಳಿನಲ್ಲಿ ಜೋಡಿಸಬೇಕು. ಮರದ ತುದಿಗಳಿಗೆ ಸಗಣಿಯನ್ನೋ ಬಣ್ಣವನ್ನೋ ಬಳಿಯಬೇಕು. ನೀರು ತುದಿಯಿಂದಲೇ ಬೇಗ ಆರುವುದರಿಂದ, ಬಳಿಯದಿದ್ದರೆ ಈ ಒಣಸೀಮೆಯ ಬಿಸಿಲಿಗೆ ತುದಿ ಸೀಳುತ್ತದೆ. ಮದುವೆ ನಿಶ್ಚಯವಾದ ಮೇಲೆ ಮರ ಕಡಿದರೆ ಕೋಣೆಗೆ ಒದಗದು. ಒಂದೆರಡು ವರ್ಷ ಮೊದಲೇ ಯೋಚಿಸಬೇಕು.

ಹಳೆಯದಕ್ಕೆ ಹೊಸದನ್ನು ಸೇರಿಸುವ ಬಗೆ

ಹಳೆಯ ಮನೆ ನೆಲದಲ್ಲಿ ಕುಸಿಯುವಷ್ಟು ಕುಸಿದು ನೆಲೆಗೊಂಡಿರುತ್ತದೆ. ಹೊಸ ಕೋಣೆ ಇನ್ನು ಮುಂದೆ ಕುಸಿಯಬೇಕು. ಎರಡನ್ನೂ ಒಂದೇ ಗೋಡೆಗೆ ಬಿಗಿದರೆ ಬಿರುಕು ಖಂಡಿತ. ಆದುದರಿಂದ ಹೊಸ ಚೌಕಟ್ಟು ತನ್ನದೇ ಕಂಬಗಳ ಮೇಲೆ, ತನ್ನದೇ ತಳಪಾಯದ ಮೇಲೆ ನಿಲ್ಲಬೇಕು. ಹಳೆಯ ಗೋಡೆಯ ಪಕ್ಕದಲ್ಲಿ ನಿಂತರೂ ಅದರ ಮೇಲೆ ಭಾರ ಹಾಕಬಾರದು. ನಡುವಿನ ಸಂದನ್ನು ಸುಣ್ಣದ ಗಾರೆಯಿಂದ ತುಂಬಬಹುದು. ಅದು ಸಣ್ಣ ಚಲನೆಯನ್ನು ಸಹಿಸುತ್ತದೆ. ಹಳೆಯ ಗೋಡೆಯಲ್ಲಿ ಒಂದು ಬಾಗಿಲಿಗೆ ಬೇಕಾದಷ್ಟನ್ನು ಮಾತ್ರ ತೆರೆದು, ಮೊದಲು ಮೇಲೆ ಅಡ್ಡತೊಲೆ ಕೂರಿಸಿ ಆಮೇಲೆ ಕೆಳಗಿನ ಮಣ್ಣು ತೆಗೆಯಬೇಕು.

ಹೊಸ ಮಾಡು ಹಳೆಯ ಸೂರಿಗಿಂತ ಕೆಳಗಿರಲಿ. ಎರಡು ಮಾಡುಗಳು ಸೇರಿ ನಡುವೆ ಕಣಿವೆಯಾಗುವಂತೆ ಕಟ್ಟಿದರೆ ಮಳೆನೀರೆಲ್ಲ ಅಲ್ಲಿಗೇ ಹರಿದು ಬರುತ್ತದೆ, ಎಲೆ ಕಟ್ಟಿಕೊಳ್ಳುತ್ತದೆ, ಮರ ಕೊಳೆಯುತ್ತದೆ. ಮಂಗಳೂರು ಹೆಂಚಿಗೆ ಎರಡು ಅಡಿಗೆ ಒಂದಡಿಯಷ್ಟಾದರೂ ಏರು ಬೇಕು. ಸೂರು ಗೋಡೆಯಿಂದ ಎರಡೂವರೆ ಅಡಿ ಹೊರಚಾಚಬೇಕು.

ಕಂಬವನ್ನು ನೆಲದಲ್ಲಿ ಹೂಳಬಾರದು. ಒಂದಡಿ ಎತ್ತರದ ಅಡಿಗಲ್ಲಿನ ಮೇಲೆ ನಿಲ್ಲಿಸಬೇಕು. ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡೇ ಏರುತ್ತದೆ. ಕಲ್ಲಿನ ಮೇಲೆ ಆ ದಾರಿ ಕಣ್ಣಿಗೆ ಬೀಳುತ್ತದೆ, ಕೈಯಿಂದ ಒರೆಸಿಹಾಕಬಹುದು. ಹಿರಿಯರು ಪ್ರತಿ ಕಂಬದ ಕೆಳಗೆ ಕಲ್ಲಿಟ್ಟದ್ದು ಅಂದಕ್ಕಷ್ಟೇ ಅಲ್ಲ.

ಗೋಡೆಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ತನ್ನ ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು. ಕೆ. ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆಯ ತಂತ್ರದಲ್ಲಿ ಮರಳು ಬೆರೆತ ಮಣ್ಣಿಗೆ ಶೇಕಡ 5ರಿಂದ 8ರಷ್ಟು ಸಿಮೆಂಟು ಸೇರಿಸಿ ಕೈಯಂತ್ರದಲ್ಲಿ ಒತ್ತುತ್ತಾರೆ, ಸುಡುವುದಿಲ್ಲ. ಸುಟ್ಟ ಇಟ್ಟಿಗೆಯ ಗೂಡಿಗೆ ಹೋಗುವ ಸೌದೆ ಉಳಿಯುತ್ತದೆ. ಇದೇ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಆರು ಹಳ್ಳಿಗಳಲ್ಲಿ ಇಂಧನದ ಲೆಕ್ಕ ತೆಗೆದಾಗ ಹಳ್ಳಿಯ ಇಂಧನದಲ್ಲಿ ಬಹುಪಾಲು ಸೌದೆಯೇ ಎಂದೂ, ಅದು ಮುಖ್ಯವಾಗಿ ಅಡುಗೆಯ ಒಲೆಗೆ ಹೋಗುತ್ತದೆಂದೂ ತಿಳಿಯಿತು. ಒಲೆಯಲ್ಲಿ ಉಳಿಸಿದ ಮರ, ಗೂಡಿನಲ್ಲಿ ಉಳಿಸಿದ ಮರ, ಮನೆಗೆ ಬಳಸಿದ ಮರ, ಈ ಮೂರೂ ಒಂದೇ ಖಾತೆಯವು.

ಎತ್ತಬಹುದಾದ ಆಕ್ಷೇಪಗಳು

ಇದು ದುಬಾರಿಯಲ್ಲವೇ ಎಂಬುದು ಮೊದಲ ಪ್ರಶ್ನೆ. ಪೇಟೆಯಲ್ಲಿ ಕೊಯ್ದ ಮರ ಕೊಂಡು ಕಟ್ಟಿದರೆ ನಿಶ್ಚಯವಾಗಿ ದುಬಾರಿ. ಸ್ವಂತ ಬದುವಿನ ಮರ, ಹಳೆಯ ಕಂಬ, ಮನೆಯವರ ಮೈಗೆಲಸ ಸೇರಿದರೆ ಮಾತ್ರ ಇದು ಕೈಗೆಟುಕುತ್ತದೆ. ಹಿತ್ತಲಲ್ಲಿ ಮರವೇ ಇಲ್ಲದ ಬಡಕುಟುಂಬಕ್ಕೆ, ಭೂಮಿಯೇ ಇಲ್ಲದವರಿಗೆ, ಮರದ ಮನೆಯನ್ನು ಉಪದೇಶಿಸುವುದು ಅನ್ಯಾಯ. ಅವರು ಕಾಂಕ್ರೀಟು ಹಾಕಿದರೆ ದೂರುವ ಹಕ್ಕು ಯಾರಿಗೂ ಇಲ್ಲ.

ಕೆಲಸ ಬಲ್ಲ ಆಚಾರಿಗಳು ಎಲ್ಲಿದ್ದಾರೆ ಎಂಬುದು ಎರಡನೆಯ ಪ್ರಶ್ನೆ. ಇದು ನಿಜವಾದ ಕೊರತೆ. ಬಾಚಿ, ಉಳಿ, ಕೊಡತಿ ಹಿಡಿದು ಸಂದು ಕೂರಿಸಬಲ್ಲವರಲ್ಲಿ ಅನೇಕರು ವೃದ್ಧರು; ಅವರ ಮಕ್ಕಳು ಪ್ಲೈವುಡ್ ಕಪಾಟಿನ ಕೆಲಸಕ್ಕೆ ಪಟ್ಟಣ ಸೇರಿದ್ದಾರೆ. ಕೆಲಸ ಕೊಡದೆ ವಿದ್ಯೆ ಉಳಿಯದು. ಊರಿಗೊಂದು ಕೋಣೆ ಹೀಗೆ ಎದ್ದರೆ ಒಬ್ಬ ಹುಡುಗನಾದರೂ ಕಲಿತಾನು.

ಕಾಡಿಗೆ ಇದರಿಂದ ಕೇಡಲ್ಲವೇ ಎಂಬುದು ಮೂರನೆಯದು ಮತ್ತು ದೊಡ್ಡದು. ದೇವರಾಯನದುರ್ಗದ ಕಾಡಿನಿಂದಾಗಲಿ ಹುತ್ರಿದುರ್ಗದ ಗುಡ್ಡದಿಂದಾಗಲಿ ಒಂದು ಕೊಂಬೆಯೂ ಈ ಕೆಲಸಕ್ಕೆ ಬರಕೂಡದು. ಹೊಲದ ಬದು, ತೋಟದ ಅಂಚು, ಹಿತ್ತಲು ಇವೇ ಮನೆಮರದ ಕಾಡು. ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ಗಾಳಿಮರ ಮುಂತಾದವಕ್ಕೆ ವಿನಾಯಿತಿಯುಂಟು. ವಿನಾಯಿತಿಯ ಪಟ್ಟಿ ಆಗಾಗ ತಿದ್ದುಪಡಿಯಾಗುವುದರಿಂದ, ಸಾಗಣೆಗೂ ಕೆಲವು ಮರಗಳಿಗೆ ಪಾಸು ಬೇಕಾಗುವುದರಿಂದ, ಕೊಡಲಿ ಎತ್ತುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಮೂರನೆಯ ಮಾತು

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಆ ಅಪ್ಪಿಕೋ ಚಳವಳಿ ನಾಡಿಗೆ ಕೊಟ್ಟ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಮೊದಲ ಎರಡು ಮಾತುಗಳ ಬಗ್ಗೆ ಸಭೆಗಳಲ್ಲಿ ಬಹಳ ಚರ್ಚೆಯಾಗಿದೆ. ಮೂರನೆಯ ಮಾತು ಅಷ್ಟಾಗಿ ಕೇಳಿಬಂದಿಲ್ಲ. ಬಳಕೆಯೇ ತಪ್ಪೆಂದು ಅವರು ಹೇಳಲಿಲ್ಲ. ಉಳಿಸಿದವನಿಗೆ, ಬೆಳೆಸಿದವನಿಗೆ ಬಳಸುವ ಅಧಿಕಾರವಿದೆ. ಆ ಅಧಿಕಾರಕ್ಕೆ ಮಿತಿಯೂ ಇದೆ. ಬಳಕೆ ಇಲ್ಲದ ಮರವನ್ನು ರೈತ ಬದುವಿನಲ್ಲಿ ಬಹುಕಾಲ ಬಿಡುವುದಿಲ್ಲ. ನಾಳೆ ತೊಲೆಯಾಗುತ್ತದೆಂಬ ಭರವಸೆಯಿದ್ದರೆ ನಲವತ್ತು ವರ್ಷ ಕಾಯುತ್ತಾನೆ.

ಆದುದರಿಂದ ಕೋಣೆ ಕಟ್ಟಬೇಕೆನ್ನುವ ಕುಟುಂಬಕ್ಕೆ ಹೇಳಬಹುದಾದದ್ದು ಇಷ್ಟು. ಮೊದಲು, ಈ ಕೋಣೆ ನಿಜವಾಗಿ ಬೇಕೇ, ಇಷ್ಟು ದೊಡ್ಡದು ಬೇಕೇ ಎಂದು ಕೇಳಿಕೊಳ್ಳಲಿ. ಎರಡನೆಯದಾಗಿ, ಹಳೆಯ ಮರ ಊರಿನಲ್ಲಿ ಎಲ್ಲಿದೆಯೆಂದು ಹುಡುಕಲಿ. ಮೂರನೆಯದಾಗಿ, ಒಂದು ಮರ ಕಡಿಯುವ ಮುಂಚಿನ ಮಳೆಗಾಲದಲ್ಲಿಯೇ ಹತ್ತು ಸಸಿ ನೆಟ್ಟು, ಅವು ಬೇರೂರಿದ್ದನ್ನು ಕಂಡ ಮೇಲೆ ಕಡಿಯಲಿ. ನೆಟ್ಟ ಹತ್ತೂ ಉಳಿಯುವುದಿಲ್ಲ; ಮೇಕೆ, ಬರ, ಬೆಂಕಿ ತಮ್ಮ ಪಾಲು ಕೇಳುತ್ತವೆ. ಮೂರು ಉಳಿದರೂ ಮೊಮ್ಮಗನ ಕೋಣೆಗೆ ಸಾಲುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಮುಂದಿನ ರಜೆಯಲ್ಲಿ ತಮ್ಮ ಊರಿನ ಒಂದು ಹಳೆಯ ಮನೆಯನ್ನು ಟೇಪು ಹಿಡಿದು ಅಳೆಯಿರಿ. ಕಂಬ ಎಷ್ಟು, ತೊಲೆ ಎಷ್ಟು, ಯಾವ ಮರ, ಸಂದು ಹೇಗಿದೆ, ಅಡಿಗಲ್ಲು ಎಷ್ಟೆತ್ತರ ಎಂದು ಬರೆದುಕೊಳ್ಳಿ. ಮನೆಯ ಹಿರಿಯರನ್ನು ಕೇಳಿ, ಆ ಮರ ಎಲ್ಲಿಂದ ಬಂತೆಂದು ತಿಳಿಯಿರಿ. ಆ ಮರ ನಿಂತಿದ್ದ ಜಾಗಕ್ಕೆ ಹೋಗಿ, ಈಗ ಅಲ್ಲಿ ಏನಿದೆಯೆಂಬುದನ್ನೂ ನೋಡಿ ಬನ್ನಿ. ಲಾರಿ ಬರುವ ಮುನ್ನ ಈ ಲೆಕ್ಕ ಪುಸ್ತಕದಲ್ಲಿ ಸೇರಿರಲಿ.